ರೋಗಿಯ ಕೈಗೂ ಕಾಯಕವುಂಟು

ಶರಣಮಾರ್ಗದಲ್ಲಿ ಕಾಯಕಕ್ಕೆ ಸಲ್ಲುವ ಸ್ಥಾನವು ಸದ್ಭಕ್ತರಿಗೆಲ್ಲ ವಿದಿತವೇ ಇದೆ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು; ಮಡಿವಾಳ ಮಾಚಯ್ಯನವರು ಬಟ್ಟೆ ಮಡಿಮಾಡಿದರು; ಕದಿರ ರೆಮ್ಮವ್ವೆಯವರು ನೂಲು ತೆಗೆದರು. ಅವರ ಕೈಗೆಲಸವು ಅವರ ಹೆಸರಿನಲ್ಲಿಯೇ ಬೆರೆತು, ಎಂಟುನೂರು ವರ್ಷಗಳು ಸಂದರೂ ಅಳಿಯದೆ ಉಳಿದಿದೆ. ಹೀಗಿರಲು ಒಂದು ಪ್ರಶ್ನೆ ಏಳುತ್ತದೆ. ದೀರ್ಘವ್ಯಾಧಿಯಿಂದ ಕೈಕಾಲುಗಳ ಸ್ವಾಧೀನ ತಪ್ಪಿದವರಿಗೆ ಕಾಯಕವುಂಟೋ ಇಲ್ಲವೋ? ಪಾರ್ಶ್ವವಾಯು ಬಡಿದು ಒಂದು ಕೈ ಸೋತ ಒಕ್ಕಲಿಗ, ಕೀಲುಗಳು ಬಿಗಿದು ನೆಲದ ಮೇಲೆ ಕೂರಲಾರದ ತಾಯಿ, ಕುಷ್ಠರೋಗದಿಂದ ಬೆರಳುಗಳ ಸ್ಪರ್ಶಜ್ಞಾನವನ್ನು ಕಳೆದುಕೊಂಡ ಕೂಲಿಕಾರ, ಇವರ ಪಾಲಿಗೆ ಕಾಯಕವೆಂದರೆ ಯಾವುದು?

ತಾನೇ ಮುಖ ತೊಳೆಯುವುದು, ತಾನೇ ಉಣ್ಣುವುದು, ತಾನೇ ಅಂಗಿ ತೊಡುವುದು, ತಾನೇ ಪೂಜೆಗೆ ಕೂರುವುದು, ಇವೇ ಅವರ ಮೊದಲ ಕಾಯಕ. ಆರೋಗ್ಯವಂತನು ಗಮನಿಸದೆಯೇ ಮಾಡಿ ಮುಗಿಸುವ ಈ ನಿತ್ಯಕರ್ಮಗಳನ್ನು ರೋಗಿಯು ಮರಳಿ ಗಳಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ದಾರಿ ತೋರುವ ಒಂದು ವಿದ್ಯೆಯೇ ಉಂಟು. ಅದನ್ನು ಔದ್ಯೋಗಿಕ ಚಿಕಿತ್ಸೆ ಎಂದು ಕರೆಯುತ್ತಾರೆ. ಇಲ್ಲಿ ಉದ್ಯೋಗವೆಂದರೆ ಸಂಬಳದ ನೌಕರಿಯೆಂದು ತಿಳಿಯಲಾಗದು. ಮನುಷ್ಯನು ಎದ್ದಾಗಿನಿಂದ ಮಲಗುವವರೆಗೆ ಮಾಡುವ ಸಮಸ್ತ ಕ್ರಿಯೆಗಳಿಗೂ ಆ ಹೆಸರು ಸಲ್ಲುತ್ತದೆ.

ಅಮೇರಿಕ ದೇಶದಲ್ಲಿ 1917ರಲ್ಲಿ ಈ ವಿದ್ಯೆಯ ಪ್ರಸಾರಕ್ಕಾಗಿ ಒಂದು ಸಂಘವು ಹುಟ್ಟಿತು. ನಮ್ಮ ದೇಶದಲ್ಲಿ ಕಮಲಾ ನಿಂಬಕರ್ ಎಂಬ ಮಹಿಳೆಯು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಿಕ್ಷಣಕ್ಕೆ ಶಾಲೆಯನ್ನು ತೆರೆದರು. 1952ರಲ್ಲಿ ಅಖಿಲ ಭಾರತ ಸಂಘವೂ ಸ್ಥಾಪಿತವಾಯಿತು. ಔಷಧವು ರೋಗವನ್ನು ನೋಡಿದರೆ ಈ ಚಿಕಿತ್ಸೆಯು ರೋಗಿಯ ದಿನಚರಿಯನ್ನು ನೋಡುತ್ತದೆ. ಯಾವ ಕೆಲಸ ಎಲ್ಲಿ ತಡೆಯುತ್ತಿದೆ, ಅಂಗವನ್ನು ಪಳಗಿಸಬೇಕೋ, ಕೆಲಸದ ಕ್ರಮವನ್ನು ಬದಲಿಸಬೇಕೋ, ಇಲ್ಲವೆ ಉಪಕರಣವನ್ನೂ ಮನೆಯನ್ನೂ ತಿದ್ದಬೇಕೋ ಎಂದು ವಿಚಾರಿಸುತ್ತದೆ.

ನಮ್ಮ ಸೀಮೆಗೆ ಈ ವಿಚಾರವು ಅತ್ಯಗತ್ಯವಾದುದು. ರಾಯಚೂರು ಜಿಲ್ಲೆಯಲ್ಲಿ, ವಿಶೇಷವಾಗಿ ದೇವದುರ್ಗ ಮಾನವಿ ಕಡೆಯ ಹಲವು ಹಳ್ಳಿಗಳಲ್ಲಿ, ಕೊಳವೆಬಾವಿಯ ನೀರಿನೊಳಗೆ ಫ್ಲೋರೈಡ್ ಎಂಬ ಲವಣಾಂಶವು ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ದೊರೆಯದ ಪಕ್ಷದಲ್ಲಿ 1.5 ಮಿಲಿಗ್ರಾಂ ಕಡೆಯ ಎಲ್ಲೆ. ಎಲ್ಲೆ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರಿಗೆ ಮೊದಲು ಹಲ್ಲು ಕಂದುಗಟ್ಟುತ್ತದೆ, ಬಳಿಕ ಬೆನ್ನೂ ಕೀಲುಗಳೂ ಬಿಗಿಯುತ್ತವೆ. ಹಾಗೆ ಕೆಟ್ಟ ಎಲುಬನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಶುದ್ಧ ನೀರು ಕುಡಿದು ರೋಗವು ಮುಂದುವರಿಯದಂತೆ ತಡೆಯಬೇಕು. ಉಳಿದ ಶಕ್ತಿಯಿಂದ ಬಾಳುವ ಬಗೆಯನ್ನು ಕಲಿಯಬೇಕು.

ಇನ್ನು ಗೃಹಸ್ಥರು ಮನೆಯಲ್ಲಿಯೇ ಆಚರಿಸಬಹುದಾದ ಕೆಲವು ಕ್ರಮಗಳನ್ನು ಹೇಳುವೆವು.

ಬಗ್ಗಲಾರದವರಿಗೆ ನೆಲದ ಒಲೆಯೇ ಶತ್ರು. ಒಲೆಯನ್ನು ಕಟ್ಟೆಯ ಮೇಲಿಟ್ಟು, ರೊಟ್ಟಿ ಬಡಿಯುವ ಹಲಗೆಯನ್ನೂ ಅದೇ ಎತ್ತರಕ್ಕೆ ತಂದರೆ ನಿಂತೋ ಎತ್ತರದ ಮಣೆಯ ಮೇಲೆ ಕುಳಿತೋ ಕೆಲಸ ಸಾಗುತ್ತದೆ. ತುಂಬಿದ ಕೊಡವನ್ನು ಒಮ್ಮೆ ಹೊರುವುದಕ್ಕಿಂತ ಸಣ್ಣ ಬಿಂದಿಗೆಯಲ್ಲಿ ನಾಲ್ಕು ಸಲ ತರುವುದು ಲೇಸು. ಕಸಬರಿಗೆಗೆ ಉದ್ದನೆಯ ಕೋಲು ಕಟ್ಟಬೇಕು. ಬಚ್ಚಲಲ್ಲಿ ಕೂರಲು ಗಟ್ಟಿಯಾದ ಸ್ಟೂಲು, ಗೋಡೆಗೆ ಹಿಡಿಯಲು ಒಂದು ಕೋಲು, ಶೌಚಕ್ಕೆ ನಡುವೆ ರಂಧ್ರ ಕೊರೆದ ಕುರ್ಚಿ, ಇವನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲನು.

ಪಾರ್ಶ್ವವಾಯುವಿನವರು ಅಂಗಿ ತೊಡುವಾಗ ಸೋತ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು. ಕಳಚುವಾಗ ಬಲವುಳ್ಳ ಕೈಯನ್ನು ಮೊದಲು ಬಿಡಿಸಬೇಕು. ಇಷ್ಟನ್ನು ತಿಳಿದರೆ ಎಷ್ಟೋ ಜನರಿಗೆ ಎರಡನೆಯವರ ನೆರವು ತಪ್ಪೀತು. ಹಿಡಿತ ಕಡಿಮೆಯಾದ ಕೈಗೆ ಚಮಚೆಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಬೇಕು. ಚಪ್ಪಟೆ ತಟ್ಟೆಗೆ ಬದಲು ಅಂಚುಳ್ಳ ಗಂಗಾಳವನ್ನಿಟ್ಟು, ಅದರ ಕೆಳಗೆ ಒದ್ದೆಬಟ್ಟೆ ಹಾಸಿದರೆ ಅದು ಜಾರುವುದಿಲ್ಲ. ಸೋತ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಲಾಗದು. ಅದರಿಂದ ಹೆಗಲಿನ ಕೀಲಿಗೆ ಘಾತವಾಗುತ್ತದೆ.

ಸ್ಪರ್ಶವರಿಯದ ಕೈಗೆ ಕಣ್ಣೇ ಕಾವಲು. ಕಾದ ಹಂಚನ್ನೂ ಪಾತ್ರೆಯನ್ನೂ ದಪ್ಪ ಬಟ್ಟೆಯಿಂದಲ್ಲದೆ ಮುಟ್ಟಬಾರದು. ಕುಡುಗೋಲು ಸಲಿಕೆಗಳ ಹಿಡಿಗೆ ಮೆತ್ತನೆಯ ಬಟ್ಟೆ ಸುತ್ತಬೇಕು. ಪ್ರತಿ ಸಂಜೆ ಅಂಗೈ ಅಂಗಾಲುಗಳನ್ನು ಬೆಳಕಿನಲ್ಲಿ ನೋಡಿ ಬೊಬ್ಬೆಯೋ ಗಾಯವೋ ಉಂಟೇ ಎಂದು ಪರೀಕ್ಷಿಸಬೇಕು. ನೋವಿಲ್ಲವೆಂದು ಗಾಯವನ್ನು ಅಲಕ್ಷಿಸಿದರೆ ಬೆರಳೇ ಹೋಗುವ ಸಂಭವವುಂಟು.

ಪೂಜೆಯ ವಿಷಯವನ್ನೂ ಹೇಳಬೇಕು. ಎಡಗೈ ಸೋತ ಭಕ್ತನು ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿಯಲಾರೆನಲ್ಲಾ ಎಂದು ಕೊರಗಿ ಪೂಜೆಯನ್ನೇ ಬಿಟ್ಟುಬಿಡುವುದುಂಟು. ಮೊಣಕೈಯ ಮಟ್ಟಕ್ಕೆ ಬರುವ ಒಂದು ಮಣೆಯ ಮೇಲೆ ಮಡಿಬಟ್ಟೆಯ ಸಿಂಬಿಯನ್ನಿಟ್ಟು, ಆ ಕೈಯನ್ನು ಅಂಗೈ ಮೇಲಾಗುವಂತೆ ಅದರ ಮೇಲೆ ಇರಿಸಿದರೆ, ಲಿಂಗವು ಜಾರದೆ ನಿಂತೀತು. ಬಲಗೈ ಅರ್ಚಿಸುತ್ತದೆ. ಆ ಹೊತ್ತಿನಲ್ಲಿ ರೋಗಿಯ ದೃಷ್ಟಿಯೂ ಮನಸ್ಸೂ ಮರೆತುಹೋಗಿದ್ದ ಕೈಯ ಕಡೆಗೇ ತಿರುಗುತ್ತವೆ. ಪಾರ್ಶ್ವವಾಯುವಿನ ಚಿಕಿತ್ಸಕರು ಬಯಸುವುದೂ ಅದನ್ನೇ.

ಇಲ್ಲಿ ಮನೆಯವರಿಗೆ ಒಂದು ಕಠಿಣವಾದ ಮಾತು. ಪ್ರೀತಿಯಿಂದಲೇ ಆಗಲಿ, ಅವಸರದಿಂದಲೇ ಆಗಲಿ, ರೋಗಿಯು ಮಾಡಬಲ್ಲ ಕೆಲಸವನ್ನು ನಾವು ಮಾಡಿಬಿಟ್ಟರೆ ಅವನ ಕಾಯಕವನ್ನು ಕಸಿದುಕೊಂಡಂತಾಗುತ್ತದೆ. ತುತ್ತು ಮಾಡಿ ಉಣಿಸುವುದು ಐದು ನಿಮಿಷದ ಮಾತು. ಅವನೇ ಉಣ್ಣಲು ಅರ್ಧ ತಾಸು ಬೇಕು. ಆ ಅರ್ಧ ತಾಸು ಕಾಯುವುದೇ ಮನೆಯವರ ದಾಸೋಹ. ಬಳಸದ ಅಂಗವು ಬಿಗಿಯುತ್ತದೆ, ಬಲಗುಂದುತ್ತದೆ. ಅದರ ಹಿಂದೆಯೇ ತಾನು ಯಾರಿಗೂ ಬೇಡದವನೆಂಬ ಭಾವವು ಮನಸ್ಸನ್ನು ಹೊಗುತ್ತದೆ. ಮಗಳು ಸೋಸಬೇಕಾದ ಬೇಳೆಯನ್ನು ಅಜ್ಜಿಯ ಮುಂದಿಟ್ಟು, "ಅವ್ವಾ, ಇದಿಷ್ಟು ಹಸನು ಮಾಡಿಕೊಡು" ಎಂದು ಕೇಳಿನೋಡಿರಿ. ಆ ಮುದುಕಿಯ ಮುಖದಲ್ಲಿ ಮೂಡುವ ಕಳೆಯನ್ನು ಯಾವ ಗುಳಿಗೆಯೂ ತಾರದು.

ಆದರೆ ಇದಕ್ಕೂ ಅಳತೆಯುಂಟು. ನಮ್ಮ ಲಿಂಗಸೂಗೂರು ತಾಲೂಕಿನ ಅಮರೇಶ್ವರದವರೆಂದು ಪ್ರಸಿದ್ಧರಾದ ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಎಲ್ಲರೂ ಬಲ್ಲಿರಿ. ಕಲ್ಯಾಣದಲ್ಲಿ ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ದೀರ್ಘರೋಗಿಯ ಶಕ್ತಿಯೂ ಆ ಅಕ್ಕಿಯಂತೆ ಅಳತೆಯುಳ್ಳದ್ದು. ಒಂದೇ ಬೆಳಗಿನಲ್ಲಿ ಅದನ್ನೆಲ್ಲ ವ್ಯಯಮಾಡಿ ಮರುದಿನ ಹಾಸಿಗೆ ಹಿಡಿಯುವುದು ಸಲ್ಲದು. ಭಾರವಾದ ಕೆಲಸಕ್ಕೂ ಹಗುರವಾದ ಕೆಲಸಕ್ಕೂ ನಡುವೆ ವಿಶ್ರಾಂತಿಯಿರಲಿ. ನೋವು ಹೆಚ್ಚಾಗುವ ಮುನ್ನವೇ ನಿಲ್ಲಿಸುವ ವಿವೇಕವಿರಲಿ. ಕಸಿದುಕೊಳ್ಳುವುದೂ ತಪ್ಪು, ಹೇರುವುದೂ ತಪ್ಪು.

ಈ ಕ್ರಮಗಳು ವೈದ್ಯನ ಬದಲಿಗೆ ನಿಲ್ಲುವಂಥವಲ್ಲ. ಪಾರ್ಶ್ವವಾಯುವಿನಲ್ಲಿ ಮೊದಲ ಕೆಲವು ತಿಂಗಳುಗಳಲ್ಲಿಯೇ ಅಂಗವು ಹೆಚ್ಚಾಗಿ ಚೇತರಿಸುವುದರಿಂದ ತಡಮಾಡಲಾಗದು. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಅಷ್ಟು ದೂರ ಪದೇ ಪದೇ ಹೋಗಲಾರದ ಹಳ್ಳಿಗರು ತಮ್ಮ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಅಂಗವೈಕಲ್ಯದ ಗುರುತಿನ ಚೀಟಿ, ಊರುಗೋಲು, ಗಾಲಿಕುರ್ಚಿಗಳ ವಿಷಯವನ್ನು ವಿಚಾರಿಸಬೇಕು. ಕುಷ್ಠರೋಗದಿಂದ ಗುಣಹೊಂದಿಯೂ ಕೈಕಾಲು ಊನವಾದವರನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸ್ಪಷ್ಟವಾಗಿ ಒಳಗೊಂಡಿದೆ. ಅದು ಭಿಕ್ಷೆಯಲ್ಲ, ಹಕ್ಕು. ಕೇಳಲು ಸಂಕೋಚ ಬೇಡ.

ಇದನ್ನು ಓದಿದ ಗೃಹಸ್ಥರು ತಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಹಾಸಿಗೆ ಹಿಡಿದವರಿದ್ದರೆ ಒಂದು ಕೆಲಸ ಮಾಡಲಿ. ನಿಮಗೆ ಮತ್ತೆ ಯಾವುದನ್ನು ನೀವೇ ಮಾಡಿಕೊಳ್ಳಬೇಕೆಂಬ ಆಸೆಯಿದೆಯೆಂದು ಅವರ ಬಳಿ ಕುಳಿತು ಕೇಳಲಿ. ಅವರು ಹೇಳುವುದು ತಂಬಿಗೆ ಎತ್ತುವಷ್ಟು ಸಣ್ಣದಾಗಿದ್ದರೂ ಅಲ್ಲಿಂದಲೇ ಆರಂಭವಾಗಲಿ.