ಮೊದಲು ಗೋಡೆಯ ಪ್ಲಗ್ ನೋಡು

ಅಳಿಯಾ,

ರಂಜಾನಿನ ಆಫರ್ ಮುಗಿಯುವುದರೊಳಗೆ ಸಣ್ಣದೊಂದು ಎಲೆಕ್ಟ್ರಿಕ್ ಕಾರು ಬುಕ್ ಮಾಡಬೇಕೆಂದು ನೀವಿಬ್ಬರೂ ಹೊರಟಿದ್ದೀರಿ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಕೇಳಿ ಖುಷಿಯಾಯಿತು. ಬೇಡ ಅನ್ನಲು ನಾನು ಬರೆಯುತ್ತಿಲ್ಲ. ಜುಬೈಲಿನ ಎಲೆಕ್ಟ್ರಿಕಲ್ ಕೆಲಸದಲ್ಲೇ ತಲೆ ನರೆತವನು ನಾನು. ಶೋರೂಮಿನವರು ಕೇಳದ ಒಂದೆರಡು ಪ್ರಶ್ನೆಗಳನ್ನು ನಿನಗೆ ಕೇಳದೆ ಇರಲಾರೆ. ಅಡ್ವಾನ್ಸ್ ಕೊಡುವ ಮುಂಚೆ ಓದು.

ಮೊದಲನೆಯದು ನಿನ್ನ ಮನೆಯ ಗೋಡೆಯದು. ಥುಕ್ಬಾದ ನಿಮ್ಮ ಕಟ್ಟಡ ಹಳೆಯದು. ಅಂಥ ಕಟ್ಟಡಗಳ ಮಾಮೂಲಿ ಪ್ಲಗ್ಗಿನಲ್ಲಿ ಬರುವುದು 127 ವೋಲ್ಟ್. ನಮ್ಮವರು '110 ಲೈನ್' ಅನ್ನುವುದು ಇದನ್ನೇ. ಏಸಿಗೆ ಮಾತ್ರ 220ರ ಲೈನ್ ಬೇರೆ ಎಳೆದಿರುತ್ತಾರೆ. ಇಡೀ ಸೌದಿಯನ್ನು 230 ವೋಲ್ಟಿಗೆ ತರುವ ತೀರ್ಮಾನ ಆದದ್ದು 2010ರಲ್ಲಿ. ಹೊಸ ಬಡಾವಣೆಗಳಲ್ಲಿ ಅದು ಬಂದಿದೆ, ಹಳೆಯ ಓಣಿಗಳಲ್ಲಿ ಇನ್ನೂ ಎರಡೂ ಉಳಿದಿವೆ. ಇದು ಕಾರಿಗೆ ಏಕೆ ಮುಖ್ಯ ಅಂದರೆ, 127 ವೋಲ್ಟಿನಲ್ಲಿ 10 ಆಂಪಿಯರ್ ಎಳೆದರೆ ಗಂಟೆಗೆ ಒಂದೂಕಾಲು ಯೂನಿಟ್ ಸಿಗುತ್ತದೆ, ಅಷ್ಟೆ. ರಾತ್ರಿ ಹತ್ತು ಗಂಟೆ ಹಾಕಿಟ್ಟರೂ ಬೆಳಿಗ್ಗೆ ಕಾರಿನಲ್ಲಿ ಎಪ್ಪತ್ತು ಎಪ್ಪತ್ತೈದು ಕಿಲೋಮೀಟರಿನಷ್ಟು ಚಾರ್ಜ್ ಇರುತ್ತದೆ. ನಿನ್ನ ಫ್ಯಾಕ್ಟರಿಗೆ ಹೋಗಿ ಬರಲೇ ಎಂಬತ್ತು ಬೇಕು. ಅದೇ 10 ಆಂಪಿಯರ್ 230 ವೋಲ್ಟಿನಲ್ಲಿ ಸಿಕ್ಕರೆ ಹತ್ತಿರ ಹತ್ತಿರ ದುಪ್ಪಟ್ಟು. ಹಾಗಾಗಿ ಕಾರಿನ ಬಣ್ಣ ಯಾವುದು ಅನ್ನುವುದಕ್ಕಿಂತ ಮುಂಚೆ, ಪಾರ್ಕಿಂಗಿನ ಹತ್ತಿರ ಯಾವ ಲೈನ್ ಇದೆ ಅನ್ನುವುದು ತಿಳಿಯಬೇಕು.

ಪಾರ್ಕಿಂಗ್ ಅಂದೆ. ನಿನಗೆ ಗೊತ್ತುಮಾಡಿದ ಜಾಗ ಇದೆಯೇ, ಅಥವಾ ಮೊದಲು ಬಂದವರು ನಿಲ್ಲಿಸುವ ಬೀದಿಯೇ? ನಮ್ಮ ಪಕ್ಕದ ಕಟ್ಟಡದ ಒಬ್ಬ ಹುಡುಗ ಒಂದನೇ ಮಹಡಿಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವಯರ್ ಇಳಿಬಿಟ್ಟು ಚಾರ್ಜ್ ಮಾಡುತ್ತಿದ್ದ. ಒಂದು ಸಂಜೆ ನನ್ನನ್ನು ಕರೆದು ತೋರಿಸಿದ. ಪ್ಲಗ್ಗಿನ ಒಂದು ಕಾಲಿನ ಸುತ್ತ ಪ್ಲಾಸ್ಟಿಕ್ ಕಂದಿ, ಮೆತ್ತಗಾಗಿ, ಸಾಕೆಟ್ಟಿಗೆ ಅಂಟಿಕೊಂಡಿತ್ತು. ಸುರುಳಿ ಸುತ್ತಿದಂತೆಯೇ ಬಿಟ್ಟಿದ್ದ ವಯರನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ಮಿಕ್ಸಿ ಹತ್ತು ನಿಮಿಷ ಓಡುತ್ತದೆ, ಇಸ್ತ್ರಿಪೆಟ್ಟಿಗೆ ಅರ್ಧ ಗಂಟೆ. ಕಾರು ಅದೇ ಭಾರವನ್ನು ಹತ್ತು ಗಂಟೆ ಬಿಡದೆ ಎಳೆಯುತ್ತದೆ. ಅದಕ್ಕೆ ಮೀಟರಿನಿಂದಲೇ ಪ್ರತ್ಯೇಕ ಲೈನ್, ಪ್ರತ್ಯೇಕ ಬ್ರೇಕರ್, ಸರಿಯಾದ ಅರ್ಥಿಂಗ್ ಬೇಕು. ಅದಾಗಬೇಕಾದರೆ ಮಾಲೀಕ ಒಪ್ಪಬೇಕು. ಕಟ್ಟಡ ಕಾಯುವ ಹಾರಿಸ್ ತಲೆಯಾಡಿಸಿದ ಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡ. ಮಾಲೀಕನ ಕೈಯಿಂದಲೇ ಬರಹದಲ್ಲಿ ತೆಗೆದುಕೊ. ಬಾಡಿಗೆ ಕರಾರು ನವೀಕರಿಸುವ ಹೊತ್ತೇ ಅದನ್ನು ಕೇಳಲು ಸರಿಯಾದ ಹೊತ್ತು.

ಇನ್ನು ದುಡ್ಡಿನ ಮಾತು. ಊರಿನಲ್ಲಿ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದೆ, ಅಲ್ಲಿ ಎಲೆಕ್ಟ್ರಿಕ್ ಕಾರು ತೆಗೆದುಕೊಂಡ ನಿನ್ನ ಗೆಳೆಯರ ಲೆಕ್ಕ ಅವರಿಗೆ ಸರಿ. ಇಲ್ಲಿ 2021ರ ಜುಲೈಯಿಂದ 91 ಆಕ್ಟೇನಿನ ಪೆಟ್ರೋಲನ್ನು ಲೀಟರಿಗೆ 2.18 ರಿಯಾಲಿನಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ನೀನು ತಿಂಗಳಿಗೆ 1,800 ಕಿಲೋಮೀಟರ್ ಓಡಿಸುತ್ತೀ ಅಂತಿಟ್ಟುಕೊ. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರಿಗೆ 120 ಲೀಟರ್, 262 ರಿಯಾಲ್. ಎಲೆಕ್ಟ್ರಿಕ್‌ಗೆ ಏಸಿ, ಚಾರ್ಜಿಂಗಿನಲ್ಲಿ ಸೋರುವುದು ಎಲ್ಲ ಸೇರಿ 300 ಯೂನಿಟ್. ಮನೆಯ ಕರೆಂಟು ತಿಂಗಳಿಗೆ 6,000 ಯೂನಿಟ್‌ವರೆಗೆ 18 ಹಲಾಲಾ, ಅದರ ಮೇಲೆ ವ್ಯಾಟ್. ಒಟ್ಟು 62 ರಿಯಾಲ್. ಉಳಿದದ್ದು ತಿಂಗಳಿಗೆ ಇನ್ನೂರು, ವರ್ಷಕ್ಕೆ 2,400. ಕಾರಿನ ಬೆಲೆ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ 25,000 ಹೆಚ್ಚಿದ್ದರೆ ಅದು ವಾಪಸು ಬರಲು ಹತ್ತು ವರ್ಷ ದಾಟಬೇಕು. ಅದೂ ಮನೆಯಲ್ಲೇ ಚಾರ್ಜ್ ಮಾಡಿದರೆ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ 18 ಹಲಾಲಾ ದರ ಸಿಗದು. ಬೆಲೆಯ ವ್ಯತ್ಯಾಸ ಏಳೆಂಟು ಸಾವಿರದೊಳಗಿದ್ದರೆ ಮಾತ್ರ ಉಳಿತಾಯದ ಮಾತು ಆಡಬಹುದು. ಅದಕ್ಕೇ ನಾನು ಹೇಳುವುದು: ಸಣ್ಣದನ್ನೇ ತಗೋ, ಅದರಲ್ಲೂ ಕೆಳಗಿನ ಮಾಡೆಲ್ ತಗೋ.

ಸಬ್ಸಿಡಿಯ ಸುದ್ದಿ ನೀನು ಎಲ್ಲಿಂದ ಕೇಳಿದೆಯೋ. ಅಮೆರಿಕದಲ್ಲಿ 7,500 ಡಾಲರಿನವರೆಗೆ ತೆರಿಗೆ ರಿಯಾಯಿತಿ ಇತ್ತು, 2025ರ ಸೆಪ್ಟೆಂಬರ್ 30ಕ್ಕೆ ಅದೂ ನಿಂತಿತು. ನಮ್ಮ ಭಾರತದಲ್ಲಿ 2019ರ ಆಗಸ್ಟಿನಿಂದ ಎಲೆಕ್ಟ್ರಿಕ್ ಗಾಡಿಗೆ ಜಿಎಸ್‌ಟಿ ಶೇ. 5 ಮಾತ್ರ. ಸೌದಿ ಸರ್ಕಾರ ದುಡ್ಡು ಹಾಕುತ್ತಿರುವುದು ಬೇರೆ ಕಡೆ. ಕಿಂಗ್ ಅಬ್ದುಲ್ಲಾ ಇಕನಾಮಿಕ್ ಸಿಟಿಯಲ್ಲಿ ಲೂಸಿಡ್ ಕಂಪನಿಯ ಕಾರ್ಖಾನೆ 2023ರಲ್ಲಿ ತೆರೆಯಿತು, ಸೀರ್ ಅನ್ನುವ ಇಲ್ಲಿನದೇ ಬ್ರಾಂಡ್ ಕಟ್ಟುತ್ತಿದ್ದಾರೆ, 2030ರೊಳಗೆ 5,000 ಫಾಸ್ಟ್ ಚಾರ್ಜರ್ ಹಾಕುವ ಗುರಿ ಇಟ್ಟುಕೊಂಡು ಇವಿಕ್ ಎಂಬ ಕಂಪನಿ ಮಾಡಿದ್ದಾರೆ. ಕೊಳ್ಳುವ ನಿನ್ನ ಕೈಗೆ ಬರುವ ಸಬ್ಸಿಡಿ ಇಲ್ಲ. 2020ರ ಜುಲೈಯಿಂದ ಶೇ. 15 ಆಗಿರುವ ವ್ಯಾಟನ್ನು ಪೂರ್ತಿ ಕಟ್ಟುತ್ತೀ.

ಹಾಗಾದರೆ ಇಲ್ಲಿ ರಿಯಾಯಿತಿ ಅಂದರೆ ಶೋರೂಮಿನದು: ರಂಜಾನಿಗೆ ಒಮ್ಮೆ, ಸೆಪ್ಟೆಂಬರ್ 23ರ ರಾಷ್ಟ್ರೀಯ ದಿನಕ್ಕೊಮ್ಮೆ, ವರ್ಷದ ಕೊನೆಗೊಮ್ಮೆ. ಇನ್ಶೂರೆನ್ಸ್ ಫ್ರೀ, ಇಸ್ತಿಮಾರಾ (ಗಾಡಿಯ ನೋಂದಣಿ) ಫ್ರೀ, ಸರ್ವೀಸ್ ಫ್ರೀ, ಚಾರ್ಜರ್ ಫ್ರೀ ಅನ್ನುತ್ತಾರೆ. ಒಂದೊಂದನ್ನೂ ಬಿಡಿಸಿ ಕೇಳು. ಇನ್ಶೂರೆನ್ಸ್ ಫುಲ್ ಕವರೋ, ಥರ್ಡ್ ಪಾರ್ಟಿಯೋ? ಚಾರ್ಜರಿನ ಜೊತೆ ಅದನ್ನು ಕೂಡಿಸುವ ಕೆಲಸವೂ ಸೇರಿದೆಯೇ? ಮೀಟರ್ ರೂಮಿನಿಂದ ಪಾರ್ಕಿಂಗಿಗೆ ಕೇಬಲ್ ಎಳೆಯುವ ಖರ್ಚು ಕೆಲವು ಕಡೆ ಚಾರ್ಜರಿನ ಬೆಲೆಗೇ ಸಮನಾಗುತ್ತದೆ. 'ಇವು ಯಾವುವೂ ಬೇಡ, ವ್ಯಾಟ್ ಸೇರಿ ಕೊನೆಯ ಬೆಲೆ ಎಷ್ಟು ಇಳಿಸುತ್ತೀರಿ' ಅಂತ ಕೇಳಿ, ಆ ಅಂಕಿಯನ್ನು ಕೊಟೇಶನ್ನಿನಲ್ಲೇ ಬರೆಸಿಕೊ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು.

ಕಂತಿನಲ್ಲಿ ತೆಗೆದುಕೊಳ್ಳುವುದಾದರೆ ಇನ್ನೂ ಎಚ್ಚರ. ತಿಂಗಳ ಕಂತು ಕಡಿಮೆ ಕಾಣುವುದು ಕೊನೆಯಲ್ಲಿ ಕಟ್ಟಬೇಕಾದ ದೊಡ್ಡ ಮೊತ್ತ ಕಣ್ಣಿಗೆ ಬೀಳದೆ ಇರುವುದರಿಂದ. ಅಲ್ಲಿಯವರೆಗೂ ಗಾಡಿ ಫೈನಾನ್ಸಿನವರದು. ಕಾಸ್‌ವೇ ದಾಟಿ ಬಹರೇನಿಗೆ ಹೋಗಲೂ ಅವರ ತಫ್ವೀಝ್, ಅಂದರೆ ಅನುಮತಿ ಪತ್ರ ಬೇಕು. ಮಧ್ಯದಲ್ಲಿ ಕೆಲಸ ಹೋಗಿ ಫೈನಲ್ ಎಕ್ಸಿಟ್ ಬಂದರೆ ಏನು ಕಟ್ಟಬೇಕು ಅನ್ನುವುದನ್ನು ಸಹಿ ಹಾಕುವ ಮುಂಚೆಯೇ ಕೇಳು. ಹೆಸರಿನಲ್ಲಿ ಗಾಡಿ ಇಟ್ಟುಕೊಂಡು ಇಲ್ಲಿಂದ ಹೊರಡಲಾಗದು ಅನ್ನುವುದು ನಿನಗೂ ಗೊತ್ತು. ಊರಿಗೆ ಸಾಗಿಸೋಣವೆಂದರೆ ಎಡಗಡೆ ಸ್ಟೀರಿಂಗಿನ ಕಾರಿಗೆ ಅಲ್ಲಿ ಪ್ರವೇಶವಿಲ್ಲ. ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುವವರು ಇಲ್ಲಿ ಇನ್ನೂ ಕಡಿಮೆ. ಹೆಂಡತಿ, ಮಗುವಿನ ತಲೆಗೆ ತಿಂಗಳಿಗೆ ನಾನೂರರಂತೆ ವರ್ಷಕ್ಕೆ 9,600 ರಿಯಾಲ್ ಅವರ ವಾಸದ ಪರವಾನಗಿ ಇಕಾಮಾಕ್ಕೇ ಹೋಗುತ್ತಿರುವ ನಿನ್ನಂಥವನು ಕೈಯಲ್ಲಿ ಒಂದಿಷ್ಟು ದುಡ್ಡು ಉಳಿಸಿಕೊಂಡೇ ಕಾರಿನ ಮಾತೆತ್ತಬೇಕು.

ಆಪ್ಶನ್ ಕಡಿಮೆ ಅಂತ ಬೇಸರಪಟ್ಟೆಯಂತೆ. ಗಲ್ಫಿಗೆ ಬರುವ ಸಣ್ಣ ಕಾರುಗಳನ್ನು ಏಜೆನ್ಸಿಯವರು ಒಟ್ಟಿಗೆ ತರಿಸುವುದು ಮಾರಾಯ. ಸ್ಟ್ಯಾಂಡರ್ಡ್, ಫುಲ್ ಆಪ್ಶನ್, ಮೂರ್ನಾಲ್ಕು ಬಣ್ಣ, ಅಷ್ಟರಲ್ಲೇ ಆರಿಸಬೇಕು. ನಮ್ಮ ಬೆಂಗಳೂರಿನಲ್ಲಿ 2001ರಲ್ಲಿ ಚೇತನ್ ಮೈನಿಯವರ ರೇವಾ ರಸ್ತೆಗಿಳಿದಾಗ ಅದರಲ್ಲಿ ಏನಿತ್ತು? ಎರಡು ಬಾಗಿಲು, ಲೆಡ್ ಆಸಿಡ್ ಬ್ಯಾಟರಿ, ಒಂದು ಚಾರ್ಜಿಗೆ 80 ಕಿಲೋಮೀಟರ್. ಮನೆಯ 15 ಆಂಪಿಯರ್ ಪ್ಲಗ್ಗೇ ಅದಕ್ಕೆ ಸಾಕು. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಹೆಸರಿನಲ್ಲಿ ಓಡಿತು, ನಗರದ ಮಧ್ಯಕ್ಕೆ ಗಾಡಿ ತಂದರೆ ಕಟ್ಟಬೇಕಾದ ಶುಲ್ಕ ಅದಕ್ಕೆ ಮಾಫಿಯಾಗಿತ್ತು. ಮನೆಯಲ್ಲೇ ಪ್ಲಗ್ ಇದ್ದು ಪೇಟೆಯೊಳಗೇ ಓಡಾಡುವವರಿಗೆ ಅಷ್ಟು ಸಾಕಾಯಿತು. ಆ ಪುಟ್ಟ ಗಾಡಿಯ ಮೇಲೆ ನನಗೆ ಇವತ್ತಿಗೂ ಗೌರವ.

ನಾನಾದರೆ ಬಿಳಿ ಬಣ್ಣ ಆರಿಸುವೆ. ಗಾಜಿನ ಮಾಡು ಬೇಡವೇ ಬೇಡ. ಜುಲೈ ಮಧ್ಯಾಹ್ನ ಅದರ ಕೆಳಗೆ ಮಗುವನ್ನು ಕೂರಿಸಿ ನೋಡಿದರೆ ತಿಳಿಯುತ್ತದೆ. ದೊಡ್ಡ ಚಕ್ರವೂ ಬೇಡ, ರೇಂಜ್ ತಿನ್ನುತ್ತದೆ. ಬ್ಯಾಟರಿಗೆ ಲಿಕ್ವಿಡ್ ಕೂಲಿಂಗ್ ಇಲ್ಲದ ಕಾರನ್ನು ಈ ದೇಶದಲ್ಲಿ ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಒಳ್ಳೆಯದು: ಸೆಕೆ ತಡೆಯುತ್ತದೆ, ದಿನಾ ಪೂರ್ತಿ ಚಾರ್ಜ್ ಮಾಡಿದರೂ ಬೇಗ ಸವೆಯುವುದಿಲ್ಲ. ಕ್ಯಾಟಲಾಗಿನ ರೇಂಜಿನಲ್ಲಿ ಮೂರನೇ ಒಂದು ಪಾಲು ಕಳೆದುಬಿಡು. 120ರ ವೇಗ, ತುಂಬು ಏಸಿ, ಹೊರಗೆ 46 ಡಿಗ್ರಿ ಇರುವಾಗ ಉಳಿಯುವುದು ಅಷ್ಟೇ. ರಿಯಾದಿಗೆ 400 ಕಿಲೋಮೀಟರ್. ಆ ದಾರಿಗೆ ಸಣ್ಣ ಬ್ಯಾಟರಿಯ ಕಾರನ್ನು ನಂಬಿ ಮಗುವನ್ನು ಕರೆದುಕೊಂಡು ಹೊರಡಬೇಡ, ನನ್ನ ಕಾರು ತಗೊಂಡು ಹೋಗು.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಮೀರಬೇಡ. ಚೀನಾದ ಒಳಮಾರುಕಟ್ಟೆಗೆ ಮಾಡಿದ ಕಾರನ್ನು ಅರ್ಧ ಬೆಲೆಗೆ ತರಿಸಿಕೊಡುತ್ತೇನೆ ಅನ್ನುವವರು ಗಲ್ಫಿನಲ್ಲಿ ಇದ್ದಾರೆ. ಅದರ ಚಾರ್ಜಿಂಗ್ ಪಿನ್ನೇ ಬೇರೆ, ಇಲ್ಲಿನ ಟೈಪ್-2, ಸಿಸಿಎಸ್-2ಗೆ ಕೂರುವುದಿಲ್ಲ. ಪರದೆಯ ಮೇಲೆಲ್ಲ ಚೀನೀ ಅಕ್ಷರ. ಕೆಟ್ಟರೆ ಇಲ್ಲಿನ ಏಜೆನ್ಸಿ ವಾರಂಟಿಗೆ ಒಪ್ಪಬೇಕಾಗಿಲ್ಲ. ಗಲ್ಫ್ ದೇಶಗಳಿಗೆಂದೇ ಮಾಡಿದ ಜಿಸಿಸಿ ಸ್ಪೆಕ್, ಇಲ್ಲಿನ ಏಜೆನ್ಸಿಯ ಬಿಲ್, ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಬರಹದಲ್ಲಿ. ಇವು ಮೂರೂ ಇಲ್ಲದಿದ್ದರೆ ಪೆಟ್ರೋಲ್ ಕಾರಿನಲ್ಲೇ ಇರು.

ಶುಕ್ರವಾರ ನಾನು, ನಿನ್ನ ಅತ್ತೆ ಊಟಕ್ಕೆ ಬರುತ್ತೇವೆ. ಟೆಸ್ಟರ್ ತರುತ್ತೇನೆ, ಮೀಟರ್ ರೂಮಿನ ಬೀಗದ ಕೈ ಹಾರಿಸ್ ಹತ್ತಿರ ಕೇಳಿ ಇಟ್ಟಿರು. ಶೋರೂಮಿಗೆ ಹೋಗುವಾಗ ನಿನ್ನ ಹೆಂಡತಿಯನ್ನೂ ಕರೆದುಕೊಂಡು ಹೋಗು. 2018ರ ಜೂನ್ 24ರವರೆಗೆ ಈ ದೇಶದಲ್ಲಿ ನಿನ್ನ ಅತ್ತೆಗೆ ಸ್ಟೀರಿಂಗ್ ಹಿಡಿಯುವ ಹಾಗೇ ಇರಲಿಲ್ಲ. ತರಕಾರಿಗೂ ಆಸ್ಪತ್ರೆಗೂ ನನ್ನ ಡ್ಯೂಟಿ ಮುಗಿಯುವುದನ್ನೇ ಕಾಯುತ್ತಿದ್ದಳು. ನಿನ್ನವಳ ಕೈಯಲ್ಲಿ ಲೈಸೆನ್ಸ್ ಇದೆ, ನೀನು ಡ್ಯೂಟಿಯಲ್ಲಿರುವಾಗ ಮಗುವನ್ನು ಕಟ್ಟಿಕೊಂಡು ಥುಕ್ಬಾದ ಓಣಿಯಲ್ಲಿ ಕಾರು ತಿರುಗಿಸಬೇಕಾದವಳು ಅವಳು. ಟೆಸ್ಟ್ ಡ್ರೈವ್ ಅವಳೇ ಮಾಡಲಿ, ಹಿಂದಿನ ಸೀಟಿಗೆ ಮಗುವಿನ ಸೀಟು ಕಟ್ಟಿ ನೋಡಲಿ. ಅವಳಿಗೆ ಹಿಡಿಸಿದ್ದನ್ನೇ ಬರೆಸು.

ನಿನ್ನ ಮಾವ