ಸೈನ್ಯ ಕಟ್ಟಿದರೆ ಸಾಲದು, ಸಾಕಲೂ ಬೇಕು

ಪ್ರಶ್ನೆ: ವಾರ್‌ಕ್ರಾಫ್ಟ್ 3 ಆಡುವಾಗ ಸೈನ್ಯ ಸ್ವಲ್ಪ ದೊಡ್ಡದಾದ ಕೂಡಲೇ ಚಿನ್ನದ ಆದಾಯ ಕುಸಿಯುತ್ತದೆ. ಕಷ್ಟಪಟ್ಟು ಸೈನ್ಯ ಕಟ್ಟಿದವನಿಗೇ ದಂಡ ಹಾಕುವುದು ಯಾವ ನ್ಯಾಯ?
- ಓದುಗ, ದಾವಣಗೆರೆ

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೂ ಲೆಕ್ಕ ಒಮ್ಮೆ ನೋಡಿ. ಪ್ರತಿ ಯೂನಿಟ್ ತನ್ನ ಪಾಲಿನ ‘ಫುಡ್’ ಬಳಸುತ್ತದೆ, ಒಂದೊಂದಕ್ಕೆ ಒಂದೊಂದು ಅಳತೆ. ಒಟ್ಟು ಫುಡ್ ಏರಿದಂತೆ ಚಿನ್ನದಲ್ಲಿ ಆಗುವ ಕಡಿತವೇ ಅಪ್‌ಕೀಪ್, ಅಂದರೆ ಸೈನ್ಯ ಸಾಕುವ ಖರ್ಚು. 2003ರಲ್ಲಿ ಬಂದ ವಿಸ್ತರಣೆ ‘ದಿ ಫ್ರೋಜನ್ ಥ್ರೋನ್’ ನಂತರ 50 ಫುಡ್‌ವರೆಗೆ ಅಪ್‌ಕೀಪ್ ಇಲ್ಲ. 51ರಿಂದ 80ರವರೆಗೆ ಚಿನ್ನದ ಆದಾಯದಲ್ಲಿ ಶೇ 30 ಕಡಿತ, ಅದರಾಚೆಗೆ ಶೇ 60. ನಿಮ್ಮ ಬಳಿ 15 ಕೆಲಸಗಾರರು, ಒಬ್ಬ ಹೀರೋ, 15 ಫುಟ್‌ಮನ್‌ಗಳಿದ್ದರೆ ಎಲ್ಲರ ಫುಡ್ ಸೇರಿ ಸರಿಯಾಗಿ 50. ಇನ್ನೊಬ್ಬ ಫುಟ್‌ಮನ್ ಸೇರಿದ ಕ್ಷಣ ಗಣಿಯಿಂದ ಬರುವ ಪ್ರತಿ ಮೂಟೆ 10ರಿಂದ 7ಕ್ಕೆ ಇಳಿಯುತ್ತದೆ. ಆ ಫುಟ್‌ಮನ್‌ನ ಬೆಲೆ 135 ಚಿನ್ನ. ಕೆಲಸಗಾರರು 45 ಮೂಟೆ ಹೊತ್ತು ತರುವಷ್ಟರಲ್ಲಿ ಇನ್ನೊಬ್ಬ ಫುಟ್‌ಮನ್‌ನ ಬೆಲೆ ಅಪ್‌ಕೀಪ್‌ಗೆ ಹೋಗಿರುತ್ತದೆ.

ಅಂದರೆ ಆ ಹೊಸಬ ಬೇಗ ದುಡಿಯಬೇಕು. ನುರಿತ ಆಟಗಾರರು 50ರ ಅಂಚಿನಲ್ಲಿ ನಿಂತು ಚಿನ್ನ ಕೂಡಿಡುತ್ತಾರೆ, ಹೀರೋನ ಲೆವೆಲ್ ಏರಿಸಿಕೊಳ್ಳುತ್ತಾರೆ. ದಾಳಿಗೆ ಹೊರಡುವ ಮೊದಲು ಒಮ್ಮೆಗೇ 70-80ಕ್ಕೆ ಜಿಗಿಯುತ್ತಾರೆ. ಆಟ ಮುಗಿದ ಮೇಲೆ ಬರುವ ಅಂಕಪಟ್ಟಿಯಲ್ಲಿ ಅಪ್‌ಕೀಪ್‌ಗೆ ಕಳೆದುಕೊಂಡ ಚಿನ್ನದ ಲೆಕ್ಕವೇ ಇರುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ‘ಬ್ಯಾಟಲ್ ಫಾರ್ ವೆಸ್ನಾತ್’ನಲ್ಲಿ ಒಂದೆರಡು ಹಳ್ಳಿ ಕಳೆದುಕೊಂಡರೆ ಮತ್ತೆ ಮೇಲೇಳಲು ಆಗುವುದೇ ಇಲ್ಲ. ಇದೂ ಅಪ್‌ಕೀಪ್‌ನ ಕೆಲಸವೇ?
- ಓದುಗಿ, ಶಿವಮೊಗ್ಗ

ಉತ್ತರ: ಬಹುಪಾಲು ಹೌದು. ಅಲ್ಲಿ ಯೂನಿಟ್‌ನ ಲೆವೆಲ್ ಎಷ್ಟೋ ಅಪ್‌ಕೀಪ್ ಅಷ್ಟು. ಸಾಮಾನ್ಯ ಮಲ್ಟಿಪ್ಲೇಯರ್ ಆಟದಲ್ಲಿ ಪ್ರತಿ ಹಳ್ಳಿ 2 ಚಿನ್ನ ಕೊಡುತ್ತದೆ, ಜೊತೆಗೆ ಒಂದು ಲೆವೆಲ್‌ನ ಖರ್ಚನ್ನೂ ಹೊರುತ್ತದೆ. ನಿಮಗೆ ಆರು ಹಳ್ಳಿಗಳಿವೆ, ಲೆವೆಲ್ 1ರ ಎಂಟು ಸೈನಿಕರಿದ್ದಾರೆ ಎನ್ನಿ. ಮೂಲ ಆದಾಯ 2, ಹಳ್ಳಿಗಳಿಂದ 12, ಹೆಚ್ಚುವರಿ ಇಬ್ಬರಿಗೆ ಖರ್ಚು 2. ಕೈಗೆ ಬರುವುದು 12. ಎರಡು ಹಳ್ಳಿ ಹೋದರೆ ಹಳ್ಳಿಗಳಿಂದ ಬರುವುದು 8ಕ್ಕೆ ಇಳಿಯುತ್ತದೆ, ಖರ್ಚು 4ಕ್ಕೆ ಏರುತ್ತದೆ. ಉಳಿಯುವುದು 6. ಮೂರರಲ್ಲೊಂದು ಪಾಲು ನೆಲ ಹೋದರೆ ಅರ್ಧ ಆದಾಯವೇ ಹೋಯಿತು!

ವಾರ್‌ಕ್ರಾಫ್ಟ್‌ನಲ್ಲಿ ಇದಕ್ಕೆ ತದ್ವಿರುದ್ಧ. ಯುದ್ಧದಲ್ಲಿ ಸೈನ್ಯ ಕಳೆದುಕೊಂಡವನು 50ರ ಕೆಳಗೆ ಬಂದು ಪೂರ್ತಿ ಆದಾಯ ಪಡೆಯುತ್ತಾನೆ, ಗೆದ್ದವನು ಕಡಿತ ಕಟ್ಟುತ್ತಲೇ ಇರುತ್ತಾನೆ. ಒಂದು ಕಡೆ ಅಪ್‌ಕೀಪ್ ಬಿದ್ದವನ ಕೈಹಿಡಿಯುತ್ತದೆ, ಇನ್ನೊಂದು ಕಡೆ ಗಾಯದ ಮೇಲೆ ಬರೆ ಎಳೆಯುತ್ತದೆ. ನನಗೆ ಮೊದಲನೆಯದೇ ಇಷ್ಟ. ಆದರೆ ವೆಸ್ನಾತ್‌ನ ಕಠಿಣ ಲೆಕ್ಕವೇ ಪ್ರತಿ ಹಳ್ಳಿಗೂ ಕಾದಾಡುವಂತೆ ಮಾಡುತ್ತದೆ ಎಂಬುದನ್ನೂ ಒಪ್ಪಬೇಕು. ನೆಲ ಜಾರುತ್ತಿದೆ ಎಂದು ಕಂಡರೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿ, ಇರುವವರನ್ನೇ ಹಳ್ಳಿ ಹಿಂಪಡೆಯಲು ಕಳಿಸಿ. ‘ಲಾಯಲ್’ ಗುಣದ ಸೈನಿಕರಿಗೆ ಅಪ್‌ಕೀಪ್ ಇಲ್ಲ. ಕ್ಯಾಂಪೇನ್‌ನಲ್ಲಿ ಅವರನ್ನು ಜೋಪಾನ ಮಾಡಿ.

ಪ್ರಶ್ನೆ: ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಅಪ್‌ಕೀಪ್ ಇಲ್ಲವಲ್ಲ, ಅಲ್ಲಿ ಸಮತೋಲ ಹೇಗೆ?
- ಓದುಗ, ಹುಬ್ಬಳ್ಳಿ

ಉತ್ತರ: ಅಲ್ಲಿ ಜನಸಂಖ್ಯೆಗೆ ಮಿತಿಯಿದೆ, ಸಾಮಾನ್ಯವಾಗಿ 200. ನೆಲದಲ್ಲಿರುವ ಚಿನ್ನವೂ ಮುಗಿಯುತ್ತದೆ. ಆಮೇಲೆ ಚಿನ್ನ ಕೇಳದ ಈಟಿಗಾರರು, ಸ್ಕರ್ಮಿಷರ್‌ಗಳೇ ಗತಿ.

ಪ್ರಶ್ನೆ: ಗೆಳೆಯರು ಸೇರಿ ಪುಟ್ಟ ಸ್ಟ್ರಾಟಜಿ ಗೇಮ್ ಮಾಡುತ್ತಿದ್ದೇವೆ. ಅಪ್‌ಕೀಪ್ ಎಷ್ಟಿಡಬೇಕು?
- ವಿದ್ಯಾರ್ಥಿ, ಮೈಸೂರು

ಉತ್ತರ: ಸಂಖ್ಯೆಗಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಖಜಾನೆ ಬರಿದಾದ ದಿನ ಏನಾಗುತ್ತದೆ? ‘ಸಿವಿಲೈಸೇಶನ್ 5’ರಲ್ಲಿ ಚಿನ್ನ ಮುಗಿದು ಆದಾಯವೂ ಋಣದಲ್ಲಿದ್ದರೆ ಮೊದಲು ವಿಜ್ಞಾನಕ್ಕೆ ಪೆಟ್ಟು ಬೀಳುತ್ತದೆ, ಸೈನ್ಯ ಚದುರುವುದು ಆಮೇಲೆ. ಆಟಗಾರನಿಗೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ನೀವೂ ಆ ಸಮಯ ಕೊಡಿ. ಕಡಿತ ಎಲ್ಲಿ ಶುರುವಾಗುತ್ತದೆ ಎಂಬುದು ತೆರೆಯ ಮೇಲೆ ಸದಾ ಕಾಣುತ್ತಿರಲಿ. ಮುಚ್ಚಿಟ್ಟ ಅಪ್‌ಕೀಪ್ ಆಟಗಾರನಿಗೆ ಮೋಸವೆನಿಸುತ್ತದೆ. ಆಮೇಲೆ ಗೊತ್ತಿಲ್ಲದವರ ಕೈಗೆ ಆಟ ಕೊಟ್ಟು ನೋಡಿ. ಮೊದಲ ಯುದ್ಧ ಸೋತವನು ಆಟ ಬಿಟ್ಟು ಏಳುತ್ತಿದ್ದರೆ ನಿಮ್ಮ ಅಪ್‌ಕೀಪ್ ಹೆಚ್ಚಾಗಿರಬಹುದು. ಇಬ್ಬರೂ ದೊಡ್ಡ ಸೈನ್ಯ ಕಟ್ಟಿಕೊಂಡು ಗಡಿಯಲ್ಲೇ ಕೂತಿದ್ದರೆ ಕಡಿಮೆಯಾಯಿತು ಎಂದೇ ಲೆಕ್ಕ. ಆಟ ಒಂದು ಹಂತಕ್ಕೆ ಬಂದಾಗ ತಪ್ಪದೆ ಬರೆಯಿರಿ.