ಹೊಕ್ಕುಳಿಗೆ ಏನು ಹಚ್ಚಬೇಕು?

ನೇಪಾಳದ ತರಾಯಿ ಹಳ್ಳಿಗಳಲ್ಲಿ ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ಕೂಸಿನ ಹೊಕ್ಕುಳಿಗೆ ಸಾಸಿವೆ ಎಣ್ಣೆ, ಅರಿಸಿನ ಹಚ್ಚುವ ರೂಢಿ. ನಮ್ಮ ಅಜ್ಜಿಯಂದಿರೂ ಎಣ್ಣೆ, ಅರಿಸಿನ ಹಚ್ಚಿದವರೇ. ಪ್ರೀತಿಗೇನೂ ಕೊರತೆಯಿರಲಿಲ್ಲ. ಆದರೆ ಆಗಷ್ಟೇ ಕತ್ತರಿಸಿದ ಹೊಕ್ಕುಳಬಳ್ಳಿ ಹಸಿ ಗಾಯ. ಅಲ್ಲಿಂದ ಸೋಂಕು ರಕ್ತಕ್ಕೆ ಸೇರಿದರೆ ಮಗು ಎರಡು-ಮೂರು ದಿನದಲ್ಲೇ ಕೈತಪ್ಪಬಹುದು.

ಅಲ್ಲಿನ ಸರ್ಲಾಹಿ ಜಿಲ್ಲೆಯಲ್ಲಿ ಕ್ಲೋರ್‌ಹೆಕ್ಸಿಡಿನ್ ಎಂಬ ಅಗ್ಗದ ಔಷಧಿಯಿಂದ ಹೊಕ್ಕುಳು ಒರೆಸಿ ನೋಡಿದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು: ಹುಟ್ಟಿದ 24 ಗಂಟೆಯೊಳಗೆ ಶುರು ಮಾಡಿದಲ್ಲಿ, ಒರೆಸದ ಮಕ್ಕಳಿಗಿಂತ ಸಾವು ಶೇ. 34ರಷ್ಟು ಕಡಿಮೆ. ಸರ್ಕಾರ ಮುಂದೆ ಮಾಡಿದ್ದು ಜಾಣತನ. “ಏನೂ ಹಚ್ಚಬೇಡಿ” ಎಂದು ಅಜ್ಜಿಯರ ಜೊತೆ ಜಗಳಕ್ಕಿಳಿಯದೆ, ಹಚ್ಚಲು ಇದೇ ಔಷಧಿಯ ಮುಲಾಮು ಕೊಟ್ಟಿತು. ಹೆಸರು ನಾಭಿ ಮಲಮ್. ಊರಿನ ಆರೋಗ್ಯ ಸ್ವಯಂಸೇವಕಿ ಹೆರಿಗೆಗೆ ಮೊದಲೇ ಬಸುರಿಯ ಕೈಗೆ ಟ್ಯೂಬ್ ಕೊಡುತ್ತಾಳೆ.

ಬಾಣಂತನಕ್ಕೆಂದು ಊರಿಂದ ಬಂದಿದ್ದೀರಾ? ಇಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಮೊಮ್ಮಗುವಿಗೆ ಎಣ್ಣೆಯೂ ಬೇಡ, ಆ ಮುಲಾಮೂ ಬೇಡ. ಹೊಕ್ಕುಳು ಒಣಗಿರಲಿ, ಡೈಪರ್ ಅದರ ಕೆಳಗೆ ಮಡಚಿರಲಿ. ಸುತ್ತ ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ, ಮಗು ಹಾಲು ಕುಡಿಯದೆ ಮಂಕಾದರೆ ಬೆಳಗಾಗಲೆಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.